ಯತಗರಸು: ಜಪಾನಿನ ದಿವ್ಯಕಾಕದ ಸ್ವರೂಪವಿಮರ್ಶೆ

(೧)

ಕಾಗೆಗೆ ಹಲ್ಲುಗಳೆಷ್ಟೆಂದು ಪರೀಕ್ಷಿಸುವುದು ನಿಷ್ಫಲವಾದ ಕಾರ್ಯಕ್ಕೆ ದೃಷ್ಟಾಂತವೆಂದು ನಮ್ಮ ಶಾಸ್ತ್ರಕಾರರು ಹೇಳಿರುವರು. ಕಾಕದಂತಪರೀಕ್ಷಾನ್ಯಾಯವೆಂದು ಅದಕ್ಕೆ ಹೆಸರು. ಈ ಲೇಖನದಲ್ಲಿ ಒಂದು ಕಾಗೆಗೆ ಕಾಲುಗಳೆಷ್ಟೆಂಬುದನ್ನು ವಿಚಾರಮಾಡಲು ಹೊರಟಿರುವುದರಿಂದ, ವಾಚಕರಿಗೆ ಮೊದಲು ಆ ನ್ಯಾಯವೇ ನೆನಪಿಗೆ ಬಂದರೆ ಆಶ್ಚರ್ಯವಿಲ್ಲ. ಆದರೆ ಹಲ್ಲಿಲ್ಲದ ಪಕ್ಷಿಗೆ ಹಲ್ಲುಗಳನ್ನು ಎಣಿಸುವುದು ಬೇರೆ. ಮೂಲಗ್ರಂಥದಲ್ಲಿ ಹೇಳದೆ ಇರುವ ಅಂಗವನ್ನು ಉತ್ತರಕಾಲದವರು ಯಾವಾಗ, ಯಾವ ಕಾರಣದಿಂದ ಸೇರಿಸಿದರೆಂದು ಶೋಧಿಸುವುದು ಬೇರೆ. ಎರಡನೆಯದು ಗ್ರಂಥವಿಮರ್ಶೆಯ ಮುಖ್ಯ ಪ್ರಯೋಜನಗಳಲ್ಲಿ ಒಂದು.

ಜಪಾನ್ ದೇಶದ ಶಿಂತೋ ಸಂಪ್ರದಾಯದಲ್ಲಿ ಯತಗರಸು ಎಂಬ ದಿವ್ಯಕಾಕವು ಪ್ರಸಿದ್ಧವಾಗಿರುವುದು. ಕಿಯೀ ಪರ್ಯಾಯದ್ವೀಪದ ಕುಮಾನೊ ಕ್ಷೇತ್ರದಲ್ಲಿ ಇದು ದೇವದೂತನೆಂದು ಪೂಜ್ಯವಾಗಿದೆ. ಅಲ್ಲಿಯ ಧ್ವಜಗಳಲ್ಲಿಯೂ ರಕ್ಷಾಪತ್ರಗಳಲ್ಲಿಯೂ ಇದರ ಚಿತ್ರವಿರುವುದು. ೧೯೩೧ರಲ್ಲಿ ಆ ದೇಶದ ಫುಟ್‌ಬಾಲ್ ಸಂಘವು ಕಾಲಿನ ಕೆಳಗೆ ಚೆಂಡನ್ನು ಹಿಡಿದಿರುವ ಮೂರು ಕಾಲಿನ ಕಾಗೆಯನ್ನು ತನ್ನ ಲಾಂಛನವನ್ನಾಗಿ ಸ್ವೀಕರಿಸಿತು. ಆದಕಾರಣ ಜಪಾನಿನ ಪುರಾಣಗಳನ್ನು ಓದದೆ ಇರುವವರೂ ಈ ಪಕ್ಷಿಯನ್ನು ಕಂಡಿರುವರು. "ಯತಗರಸು ಎಂದರೆ ಮೂರು ಕಾಲುಗಳುಳ್ಳ ಸೂರ್ಯಕಾಕವು, ಸೂರ್ಯದೇವಿಯು ಜಿಮ್ಮು ಚಕ್ರವರ್ತಿಗೆ ಮಾರ್ಗದರ್ಶಕನನ್ನಾಗಿ ಕಳುಹಿಸಿದ ಪಕ್ಷಿಯು" ಎಂಬ ಲಕ್ಷಣವಾಕ್ಯವು ಪುಸ್ತಕದಿಂದ ಪುಸ್ತಕಕ್ಕೆ ನಡೆದುಬರುತ್ತಿದೆ. ಈ ಒಂದು ವಾಕ್ಯದಲ್ಲಿ ಮೂರು ಬೇರೆ ಬೇರೆ ಕಾಲಗಳ ಅಂಶಗಳು ಬೆರೆತಿರುವುವೆಂಬುದು ನನ್ನ ಪಕ್ಷ. ಅವುಗಳನ್ನು ಬಿಡಿಸಿ ತೋರಿಸುವುದು ಈ ಲೇಖನದ ಉದ್ದೇಶ.

ಜಪಾನೀ ಭಾಷೆಯು ನನಗೆ ಬಾರದು. ಚೇಂಬರ್ಲೇನ್ ಎಂಬ ವಿದ್ವಾಂಸರು ೧೮೮೨ರಲ್ಲಿಯೂ, ಆಸ್ಟನ್ ಎಂಬವರು ೧೮೯೬ರಲ್ಲಿಯೂ ಪ್ರಕಟಿಸಿದ ಇಂಗ್ಲಿಷ್ ಭಾಷಾಂತರಗಳ ಮೂಲಕ, ಆ ಭಾಷೆಯನ್ನು ಬಲ್ಲ ಮಿತ್ರರ ಸಹಾಯದಿಂದ, ಮೂಲದ ಪದಗಳನ್ನು ಒಂದೊಂದಾಗಿ ಕೇಳಿ ತಿಳಿದುಕೊಂಡು ಬರೆದಿರುತ್ತೇನೆ.

(೨)

ಮೊದಲು ಮೂಲಗ್ರಂಥಗಳನ್ನು ನೋಡೋಣ. ಕ್ರಿ. ಶ. ೭೧೨ರಲ್ಲಿ ಓ ನೊ ಯಸುಮಾರೊ ಎಂಬವನು ಸಂಗ್ರಹಿಸಿ ಅರ್ಪಿಸಿದ 'ಕೊಜಿಕಿ'ಯೂ, ೭೨೦ರಲ್ಲಿ ರಾಜಾಜ್ಞೆಯಿಂದ ಪೂರ್ಣವಾದ 'ನಿಹೊನ್ ಶೊಕಿ'ಯೂ ಈ ವಿಷಯದಲ್ಲಿ ಪರಮಪ್ರಮಾಣಗಳು. ಇವೆರಡಕ್ಕೂ ನಡುವೆ ಎಂಟೇ ವರ್ಷಗಳ ಅಂತರವಿದ್ದರೂ ಕಥೆಯಲ್ಲಿ ಗಮನಾರ್ಹವಾದ ಭೇದಗಳಿರುವುವು.

ಎರಡರಲ್ಲಿಯೂ ಸಮಾನವಾದ ಕಥೆಯಿದು. ಪಶ್ಚಿಮದ ಕ್ಯೂಶು ದ್ವೀಪದಿಂದ ದಂಡಯಾತ್ರೆಗೆ ಹೊರಟ ಜಿಮ್ಮುವು ಕುಮಾನೊ ಪ್ರದೇಶದಲ್ಲಿ ಇಳಿದು, ದುರ್ಗಮವಾದ ಪರ್ವತಾರಣ್ಯಗಳ ನಡುವೆ ಯಮಾತೊ ದೇಶಕ್ಕೆ ಹೋಗಬೇಕಾಗಿರುವುದು. ಆಗ ಆಕಾಶದಿಂದ ಯತಗರಸು ಬಂದು ದಾರಿಯನ್ನು ತೋರಿಸುತ್ತದೆ. ಸೈನ್ಯವು ಅದನ್ನು ಅನುಸರಿಸಿ ಉದಾ ಎಂಬ ಸ್ಥಳವನ್ನು ಸೇರುತ್ತದೆ. ಆಮೇಲೆ ಆ ಪಕ್ಷಿಯೇ ದೂತನಾಗಿ ಸ್ಥಳೀಯ ನಾಯಕರ ಬಳಿಗೆ ಹೋಗಿ ಶರಣಾಗತರಾಗುವಿರಾ ಎಂದು ಕೇಳುತ್ತದೆ.

ಭೇದಗಳನ್ನು ಹೇಳುವೆನು. ಪಕ್ಷಿಯನ್ನು ಕಳುಹಿಸಿದವರು ಯಾರು? 'ನಿಹೊನ್ ಶೊಕಿ'ಯ ಪ್ರಕಾರ ಸೂರ್ಯದೇವಿಯಾದ ಅಮತೆರಾಸು. ಆಕೆಯು ಜಿಮ್ಮುವಿಗೆ ಕನಸಿನಲ್ಲಿ ಕಾಣಿಸಿಕೊಂಡು ಪಕ್ಷಿಯನ್ನು ಕಳುಹಿಸುವುದಾಗಿ ತಿಳಿಸುತ್ತಾಳೆ. ಪೂರ್ವತರವಾದ 'ಕೊಜಿಕಿ'ಯಲ್ಲಿಯಾದರೋ, ಕಾಗೆಯ ಪ್ರಸಂಗದಲ್ಲಿ ಆಜ್ಞೆಯು ತಕಾಗಿ ಎಂಬ ದೇವನದು. ಈತನಿಗೆ ತಕಾಮಿಮುಸುಬಿ ಎಂತಲೂ ಹೆಸರುಂಟು. ಇದಕ್ಕೆ ತುಸು ಮುಂಚೆ ದಿವ್ಯಖಡ್ಗವನ್ನು ಕಳುಹಿಸಿದ ಪ್ರಸಂಗದಲ್ಲಿ ಅಮತೆರಾಸುವೂ ತಕಾಗಿಯೂ ಇಬ್ಬರೂ ಕೂಡಿ ಹೇಳಲ್ಪಟ್ಟಿರುವರು. ಕಾಗೆಯ ಪ್ರಸಂಗದಲ್ಲಿ ಸೂರ್ಯದೇವಿಯ ಹೆಸರು ಬಿಟ್ಟಿರುವುದು. ಹೀಗಿರಲು, ಈ ಕಾಗೆಯು ಸೂರ್ಯನ ಪಕ್ಷಿಯಾದ್ದರಿಂದಲೇ ಸೂರ್ಯದೇವಿಯಿಂದ ಪ್ರೇರಿತವಾಯಿತೆಂಬ ಯುಕ್ತಿಯು ಎರಡು ಪ್ರಮಾಣಗ್ರಂಥಗಳಲ್ಲಿ ಹಳೆಯದರಲ್ಲಿಯೇ ನಿಲ್ಲುವುದಿಲ್ಲ.

ದೌತ್ಯದ ಪ್ರಸಂಗದಲ್ಲಿಯೂ ಭೇದವುಂಟು. 'ಕೊಜಿಕಿ'ಯಲ್ಲಿ ಕಾಗೆಯು ಉಕಾಶಿ ಸಹೋದರರ ಬಳಿಗೆ ಹೋಗುತ್ತದೆ. ಅಣ್ಣನು ಶಬ್ದಮಾಡುವ ಬಾಣವನ್ನು ಬಿಟ್ಟು ಅದನ್ನು ಓಡಿಸುತ್ತಾನೆ. 'ನಿಹೊನ್ ಶೊಕಿ'ಯಲ್ಲಿ ಅದು ಶಿಕಿ ಸಹೋದರರ ಬಳಿಗೆ ಹೋಗುತ್ತದೆ. ಅಣ್ಣನು ಅದರ ಕೂಗನ್ನು ಕೇಳಿ ಕೋಪದಿಂದ ಬಿಲ್ಲನ್ನೆಳೆಯುತ್ತಾನೆ. ತಮ್ಮನು ಭಯಭಕ್ತಿಗಳಿಂದ ಎಲೆಗಳಿಂದ ಎಂಟು ತಟ್ಟೆಗಳನ್ನು ಮಾಡಿ, ಅವುಗಳಲ್ಲಿ ಅನ್ನವನ್ನಿಟ್ಟು ಕಾಗೆಗೆ ಉಣಬಡಿಸಿ, ಅದರ ಹಿಂದೆಯೇ ಬಂದು ಶರಣಾಗುತ್ತಾನೆ. ಕಡೆಗೆ ರಾಜ್ಯವು ಸ್ಥಾಪಿತವಾದ ಮೇಲೆ ಬಹುಮಾನಗಳನ್ನು ಹಂಚುವಾಗ ಕಾಗೆಗೂ ಬಹುಮಾನವು ದೊರೆಯುತ್ತದೆ; ಅದರ ಸಂತತಿಯವರು ಕಜುನೊ ಪ್ರದೇಶದ ಅಧಿಕಾರಿಗಳೆಂದು ಗ್ರಂಥಕಾರರು ಸೇರಿಸುತ್ತಾರೆ.

ಇಷ್ಟು ಕಥೆಯಲ್ಲಿ ಕಾಗೆಯು ಹಾರುತ್ತದೆ, ಕೂಗುತ್ತದೆ, ಉಣ್ಣುತ್ತದೆ, ಬಹುಮಾನವನ್ನು ಪಡೆಯುತ್ತದೆ, ಸಂತಾನವನ್ನೂ ಬಿಡುತ್ತದೆ. ಅದಕ್ಕೆ ಮೂರು ಕಾಲುಗಳಿದ್ದುವೆಂದು ಎರಡು ಗ್ರಂಥಗಳಲ್ಲಿ ಎಲ್ಲಿಯೂ ಹೇಳಿರುವುದಿಲ್ಲ.

(೩)

ಹೆಸರಿನಿಂದಲಾದರೂ ಆ ಅರ್ಥವು ಹೊರಡುವುದೇ ಎಂದು ಪರೀಕ್ಷಿಸಬೇಕು. 'ಕರಸು' ಎಂದರೆ ಕಾಗೆ. ಸಮಾಸದಲ್ಲಿ ಕಕಾರವು ಗಕಾರವಾಗುವುದು. ಇದು ನಮ್ಮ ಕನ್ನಡದಲ್ಲಿ ಉತ್ತರಪದದ ಕಕಾರಕ್ಕೆ ಆಗುವ ಆದೇಶವನ್ನು ನೆನಪಿಗೆ ತರುವುದು. 'ಯತ' ಎಂಬುದು 'ಯ' ಮತ್ತು 'ಅತ' ಎಂಬ ಎರಡು ಪದಗಳು ಸೇರಿ ಆದುದು. 'ಯ' ಎಂದರೆ ಎಂಟು. 'ಅತ' ಎಂಬುದು ಒಂದು ಅಳತೆ: ಕೈಯನ್ನು ಅಗಲಿಸಿದಾಗ ಹೆಬ್ಬೆರಳಿನ ತುದಿಯಿಂದ ನಡುಬೆರಳಿನ ತುದಿಯವರೆಗಿನ ಅಂತರವು. ನಮ್ಮಲ್ಲಿ ಹೆಬ್ಬೆರಳಿನಿಂದ ತೋರುಬೆರಳಿನವರೆಗೆ ಪ್ರಾದೇಶವೆಂದೂ, ನಡುಬೆರಳಿನವರೆಗೆ ತಾಲವೆಂದೂ, ಉಂಗುರಬೆರಳಿನವರೆಗೆ ಗೋಕರ್ಣವೆಂದೂ, ಕಿರುಬೆರಳಿನವರೆಗೆ ವಿತಸ್ತಿಯೆಂದೂ ಹೇಳುವುದು ಸಂಸ್ಕೃತಜ್ಞರಿಗೆ ತಿಳಿದುದೇ. ಆದುದರಿಂದ 'ಅತ'ವು ನಮ್ಮ ತಾಲಕ್ಕೆ ಸರಿಯಾದ ಮಾನವು. ಯತಗರಸು ಎಂದರೆ ಅಷ್ಟತಾಲಪರಿಮಿತವಾದ ಕಾಗೆಯೆಂದು ಅಕ್ಷರಾರ್ಥವಾಯಿತು. ಜಪಾನಿನ ಮೂರು ರಾಜಚಿಹ್ನೆಗಳಲ್ಲಿ ಒಂದಾದ ದರ್ಪಣಕ್ಕೂ ಇದೇ ವಿಶೇಷಣದಿಂದ 'ಯತ ನೊ ಕಗಾಮಿ' ಎಂದು ಹೆಸರು.

ಇಲ್ಲಿ ಎಂಟೆಂಬ ಸಂಖ್ಯೆಯನ್ನು ಗಣಿತದ ಎಂಟೆಂದು ಗ್ರಹಿಸಬೇಕಾದುದಿಲ್ಲ. ಆ ಭಾಷೆಯಲ್ಲಿ ಎಂಟು ಬಹುತ್ವವನ್ನೂ ಮಹತ್ತ್ವವನ್ನೂ ಸೂಚಿಸುವ ಸಂಖ್ಯೆಯಾಗಿದೆ. ದೇವತೆಗಳು ಎಂಬತ್ತು ಲಕ್ಷವೆಂದೂ, ದೇಶವು ಎಂಟು ದ್ವೀಪಗಳದೆಂದೂ, ಸುಸಾನೊವು ಕೊಂದ ಸರ್ಪಕ್ಕೆ ಎಂಟು ತಲೆಗಳೆಂದೂ ಹೇಳಿರುವುದನ್ನು ಹೋಲಿಸಿ ನೋಡಬಹುದು. ಆದಕಾರಣ 'ಮಹಾಕಾಯವಾದ ಕಾಗೆ' ಎಂಬುದೇ ತಾತ್ಪರ್ಯವು. 'ನಿಹೊನ್ ಶೊಕಿ'ಯು ಈ ಹೆಸರನ್ನು ಬರೆಯುವಾಗ ಮೊದಲಲ್ಲಿ 'ತಲೆ' ಎಂಬರ್ಥದ ಅಕ್ಷರವೊಂದನ್ನು ಹೆಚ್ಚಾಗಿ ಸೇರಿಸಿದೆ. ಗ್ರಂಥಕಾರನು ಪಕ್ಷಿಯ ಅಂಗವೊಂದನ್ನು ಕುರಿತು ವಿಶೇಷವನ್ನು ಹೇಳಲು ಇಚ್ಛಿಸಿದಾಗ ಹೇಳಿದುದು ತಲೆಯ ವಿಷಯವಾಗಿಯೇ ಹೊರತು ಕಾಲಿನ ವಿಷಯವಾಗಿ ಅಲ್ಲ. ಹೆಸರಿನಲ್ಲಿ ಎಂಟೆಂಬ ಸಂಖ್ಯೆಯಿರುವುದು. ಮೂರೆಂಬ ಸಂಖ್ಯೆಯು ಎಲ್ಲಿಯೂ ಇಲ್ಲ.

(೪)

ಇನ್ನು ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಹೇಳಬೇಕು. ಸೂರ್ಯಮಂಡಲದಲ್ಲಿ ಕಾಗೆಯಿರುವುದೆಂಬುದು ಚೀನಾ ದೇಶದ ಪುರಾತನ ನಂಬಿಕೆ. ಕ್ರಿ. ಪೂ. ೨ನೆಯ ಶತಮಾನದ 'ಹುಅಯ್‌ನಾನ್‌ಜಿ' ಎಂಬ ಗ್ರಂಥದಲ್ಲಿ ಸೂರ್ಯನೊಳಗೆ ಕುಳಿತಿರುವ ಕಾಗೆಯ ಮಾತುಂಟು. ಅದಕ್ಕೆ ವ್ಯಾಖ್ಯಾನವನ್ನು ಬರೆದ ಗಾವೊ ಯೋ ಎಂಬವನು ಅದು ಮೂರು ಕಾಲಿನ ಕಾಗೆಯೆಂದು ವಿವರಿಸಿರುವನು. ಕ್ರಿ. ಶ. ೧ನೆಯ ಶತಮಾನದ ವಾಂಗ್ ಚುಂಗ್ ಎಂಬ ತರ್ಕಪ್ರಿಯನು ಈ ನಂಬಿಕೆಯನ್ನು ಖಂಡಿಸಿ, ಸೂರ್ಯನು ಅಗ್ನಿಸ್ವರೂಪನಾದ್ದರಿಂದ ಅದರೊಳಗೆ ಪ್ರಾಣಿಯು ಸುಟ್ಟುಹೋಗದೆ ಹೇಗಿದ್ದೀತೆಂದು ಪ್ರಶ್ನಿಸಿದನು. ಖಂಡನೆಯು ಹುಟ್ಟಬೇಕಾದರೆ ಮತವು ಪ್ರಬಲವಾಗಿ ಹರಡಿರಬೇಕು. ಈ ಪಕ್ಷಿಯು ಕೊಗುರ್ಯೊ ರಾಜ್ಯದ ಸಮಾಧಿಭಿತ್ತಿಗಳ ಚಿತ್ರಗಳಲ್ಲಿಯೂ ಸೂರ್ಯಬಿಂಬದೊಳಗೆ ಮೂರು ಕಾಲಿನದಾಗಿ ಕಾಣಬರುತ್ತದೆ. ಕೊರಿಯಾದ ಮಾರ್ಗವಾಗಿ ಚೀನಾದ ವಿದ್ಯೆಗಳೆಲ್ಲವೂ ಜಪಾನಿಗೆ ಬಂದುವೆಂಬುದು ನಿರ್ವಿವಾದ.

ಅಷ್ಟು ಮಾತ್ರವಲ್ಲ. ೭೦೧ನೆಯ ವರ್ಷದ ಹೊಸವರ್ಷದ ದಿನ ರಾಜಸಭೆಯ ಮಹಾದ್ವಾರದಲ್ಲಿ ಕಾಕಾಕಾರದ ಧ್ವಜವನ್ನು ನಿಲ್ಲಿಸಿದರೆಂದು 'ಶೊಕು ನಿಹೊಂಗಿ'ಯು ಹೇಳುವುದು. ಹೀಗೆ ಸೂರ್ಯಕಾಕದ ಕಲ್ಪನೆಯು 'ಕೊಜಿಕಿ'ಗಿಂತ ಮೊದಲೇ ಜಪಾನಿಗೆ ಬಂದಿದ್ದಿತಾದ ಕಾರಣ, ಯತಗರಸುವಿನ ಕಥೆಯನ್ನು ಬರೆದವರ ಮನಸ್ಸಿನಲ್ಲಿಯೂ ಆ ಮೂರು ಕಾಲಿನ ಪಕ್ಷಿಯೇ ಇದ್ದಿತು. ಎಲ್ಲರಿಗೂ ತಿಳಿದಿದ್ದುದರಿಂದ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಇದೇ ಪೂರ್ವಪಕ್ಷವು.

ಇದರಲ್ಲಿ ಕೆಲವು ಅಂಶಗಳು ನಿಜ. ಆದರೆ ಎರಡು ತಿದ್ದುಪಡಿಗಳು ಅವಶ್ಯ. ಚೀನಾದಲ್ಲಿಯೇ ಸೂರ್ಯಕಾಕಕ್ಕೆ ಎಲ್ಲ ಕಾಲದಲ್ಲಿಯೂ ಮೂರು ಕಾಲುಗಳಿರಲಿಲ್ಲ. ೧೯೭೨ರಲ್ಲಿ ಮಾವಾಂಗ್‌ದುಯಿ ಎಂಬಲ್ಲಿ ಅಗೆದು ತೆಗೆದ ಕ್ರಿ. ಪೂ. ೨ನೆಯ ಶತಮಾನದ ಸಮಾಧಿಯೊಂದರಲ್ಲಿ ದೊರೆತ ರೇಷ್ಮೆಯ ಪಟದ ಮೇಲುಭಾಗದಲ್ಲಿ ಕೆಂಪು ಸೂರ್ಯಬಿಂಬವೂ ಅದರೊಳಗೆ ಕರಿಯ ಕಾಗೆಯೂ ಇರುವುವು. ಆ ಕಾಗೆಗೆ ಎರಡೇ ಕಾಲುಗಳು. 'ಹುಅಯ್‌ನಾನ್‌ಜಿ'ಯಲ್ಲಿಯೂ ಮೂರು ಕಾಲುಗಳನ್ನು ಸ್ಪಷ್ಟಪಡಿಸುವುದು ವ್ಯಾಖ್ಯಾನಕಾರನು. ಎರಡನೆಯದಾಗಿ, ೭೦೧ರ ಧ್ವಜವರ್ಣನೆಯನ್ನು ಪೂರ್ತಿಯಾಗಿ ಓದಿದರೆ, ಕಾಕಧ್ವಜವು ನಡುವೆ ಇದ್ದಿತೆಂದೂ, ಸೂರ್ಯಬಿಂಬದ ಧ್ವಜವು ಎಡಗಡೆಯಲ್ಲಿಯೂ ಚಂದ್ರಬಿಂಬದ್ದು ಬಲಗಡೆಯಲ್ಲಿಯೂ ಬೇರೆಯಾಗಿಯೇ ಇದ್ದುವೆಂದೂ ತಿಳಿಯುವುದು. ಕಾಗೆಯೇ ಸೂರ್ಯನ ಚಿಹ್ನೆಯಾಗಿದ್ದರೆ ಪಕ್ಕದಲ್ಲಿಯೇ ಸೂರ್ಯನನ್ನು ಮತ್ತೊಮ್ಮೆ ನಿಲ್ಲಿಸುವುದು ಪುನರುಕ್ತಿಯಾಗುತ್ತಿದ್ದಿತು. ಆ ಧ್ವಜದ ಕಾಗೆಯ ಕಾಲುಗಳ ಸಂಖ್ಯೆಯನ್ನಾಗಲಿ ಹೆಸರನ್ನಾಗಲಿ ಗ್ರಂಥವು ಹೇಳುವುದಿಲ್ಲ. ಆದ್ದರಿಂದ ಆ ಧ್ವಜವು ಪೂರ್ವಪಕ್ಷಕ್ಕೆ ಸಾಧಕವಾಗಲಾರದು.

(೫)

ಈಗ ಸಿದ್ಧಾಂತವನ್ನು ಹೇಳುವೆನು. ಮೂಲವು ಮೌನವಾಗಿರುವುದನ್ನೇ ಪ್ರಮಾಣವನ್ನಾಗಿ ಹಿಡಿಯುವುದು ಅಪಾಯಕರವೆಂಬುದನ್ನು ಒಪ್ಪುತ್ತೇನೆ. ಕತ್ತಲೆಯ ಕೋಣೆಯಲ್ಲಿ ಗಡಿಗೆಯು ಕಾಣಲಿಲ್ಲವಾದ ಮಾತ್ರಕ್ಕೆ ಗಡಿಗೆಯಿಲ್ಲವೆಂದು ಹೇಳಲಾಗದು. ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ಬೆಳಕಿನಲ್ಲಿಯೂ ಕಾಣದೆಹೋದಾಗ ಮಾತ್ರ ಅದರ ಅಭಾವವು ಸಿದ್ಧಿಸುವುದು. ಇದನ್ನೇ ನಮ್ಮವರು ಯೋಗ್ಯಾನುಪಲಬ್ಧಿಯೆಂದು ಕರೆದಿರುವರು. ಹಾಗಾದರೆ 'ನಿಹೊನ್ ಶೊಕಿ'ಯ ಮೌನವು ಕತ್ತಲೆಯ ಕೋಣೆಯದೋ, ಬೆಳಕಿನ ಕೋಣೆಯದೋ?

ಬೆಳಕಿನ ಕೋಣೆಯದೆಂದು ಆ ಗ್ರಂಥವೇ ಸಾಕ್ಷಿಯನ್ನು ಹೇಳುವುದು. ೬೫೦ನೆಯ ವರ್ಷದ ವೃತ್ತಾಂತದಲ್ಲಿ, ಬಿಳಿಯ ಕಾಡುಕೋಳಿಯೊಂದು ರಾಜಸಭೆಗೆ ಬಂದಾಗ ಅದು ಶುಭಶಕುನವೇ ಎಂದು ವಿದ್ವಾಂಸರನ್ನು ವಿಚಾರಿಸಿದ ಪ್ರಸಂಗವುಂಟು. ಆಗ ದೋತೋ ಎಂಬ ಬೌದ್ಧಭಿಕ್ಷುವು ಉದಾಹರಣೆಗಳನ್ನು ಕೊಡುತ್ತ, ಹಿಂದೆ ಕೊಗುರ್ಯೊ ರಾಜ್ಯದಿಂದ ತಾಂಗ್ ಚೀನಾಕ್ಕೆ ಹೋಗಿದ್ದ ದೂತರು ಸತ್ತುಹೋಗಿದ್ದ ಮೂರು ಕಾಲಿನ ಕಾಗೆಯನ್ನು ತಂದಾಗ ಆ ದೇಶದ ಜನರು ಅದನ್ನೂ ಶುಭವೆಂದೇ ಎಣಿಸಿದರೆಂದು ಹೇಳುತ್ತಾನೆ. ಮತ್ತೆ ತೆಮ್ಮು ಚಕ್ರವರ್ತಿಯ ಕಾಲದಲ್ಲಿ, ೬೮೩ರಲ್ಲಿ, ತ್ಸುಕುಶಿಯ ಅಧಿಕಾರಿಗಳು ಮೂರು ಕಾಲಿನ ಗುಬ್ಬಿಯನ್ನು ರಾಜನಿಗೆ ಅರ್ಪಿಸಿದರೆಂದು ಅದೇ ಗ್ರಂಥವು ಬರೆದಿಟ್ಟಿರುವುದು.

ಇದರಿಂದ ಸಿದ್ಧಿಸುವುದೇನು? 'ನಿಹೊನ್ ಶೊಕಿ'ಯ ಸಂಪಾದಕರಿಗೆ ಮೂರು ಕಾಲಿನ ಪಕ್ಷಿಗಳು ತಿಳಿದಿದ್ದುವು. ಮೂರು ಕಾಲಿನ ಕಾಗೆಯೆಂಬ ಪದವೂ ಅವರ ಲೇಖನಿಯಲ್ಲಿದ್ದಿತು. ಅಂತಹ ಅಂಗವಿಶೇಷವು ಶುಭಸೂಚಕವೆಂಬುದೂ, ಅದನ್ನು ಕಂಡಲ್ಲಿ ತಪ್ಪದೆ ಬರೆಯಬೇಕೆಂಬುದೂ ಅವರಿಗೆ ಗೊತ್ತಿದ್ದಿತು. ಗುಬ್ಬಿಯೊಂದರ ಮೂರನೆಯ ಕಾಲನ್ನು ರಾಜವೃತ್ತಾಂತದಲ್ಲಿ ಸೇರಿಸಿದವರು, ರಾಜವಂಶದ ಮೂಲಪುರುಷನಿಗೆ ದಾರಿ ತೋರಿಸಿದ ದಿವ್ಯಪಕ್ಷಿಯ ಮೂರನೆಯ ಕಾಲನ್ನು ಹೇಳದೆ ಬಿಡುತ್ತಿದ್ದರೇ? ದೋತೋ ಭಿಕ್ಷುವಾದರೂ ಮೂರು ಕಾಲಿನ ಕಾಗೆಗೆ ಉದಾಹರಣೆಯನ್ನು ಹುಡುಕುವಾಗ, ಎದುರಿನಲ್ಲಿ ಕುಳಿತ ರಾಜನ ಕುಲಕಥೆಯಲ್ಲಿಯೇ ಇದ್ದ ಪಕ್ಷಿಯನ್ನು ಬಿಟ್ಟು, ಪರರಾಜ್ಯದ ದೂತರು ತಂದ ಸತ್ತ ಪಕ್ಷಿಯನ್ನು ಹೇಳಬೇಕಾಗಿದ್ದಿತೇ? ಆದುದರಿಂದ ೭೨೦ರ ವೇಳೆಗೆ ಯತಗರಸುವೂ ಮೂರು ಕಾಲಿನ ಕಾಗೆಯೂ ಎರಡು ಬೇರೆ ಬೇರೆ ವಸ್ತುಗಳಾಗಿದ್ದುವೆಂದೇ ನಿಶ್ಚಯಿಸಬೇಕು.

(೬)

ಹಾಗಾದರೆ ಎರಡೂ ಒಂದಾದುದು ಯಾವಾಗ? ಸುಮಾರು ಎರಡು ಶತಮಾನಗಳ ತರುವಾಯ, ೯೩೧ರಿಂದ ೯೩೮ರವರೆಗಿನ ಅವಧಿಯಲ್ಲಿ, ಮಿನಮೊತೊ ನೊ ಶಿತಗೋ ಎಂಬ ಪಂಡಿತನು ದೈಗೊ ಚಕ್ರವರ್ತಿಯ ಪುತ್ರಿಯ ಅಪೇಕ್ಷೆಯಂತೆ 'ವಮ್ಯೋ ರುಯಿಜುಶೋ' ಎಂಬ ನಿಘಂಟನ್ನು ರಚಿಸಿದನು. ನಮ್ಮ ಅಮರಕೋಶದಂತೆ ವಸ್ತುಗಳನ್ನು ವರ್ಗವರ್ಗವಾಗಿ ವಿಭಾಗಿಸಿ, ಚೀನೀ ಪದಗಳಿಗೆ ದೇಶೀಯ ಹೆಸರುಗಳನ್ನು ಕೊಡುವ ಗ್ರಂಥವಿದು. ಅದರಲ್ಲಿ ಸೂರ್ಯಕಾಕವೆಂಬ ಪದವನ್ನು ತೆಗೆದುಕೊಂಡು, ಸೂರ್ಯನಲ್ಲಿ ಮೂರು ಕಾಲಿನ ಕೆಂಪು ಕಾಗೆಯಿದೆಯೆಂಬ ಚೀನೀ ಆಧಾರವನ್ನು ಕೊಟ್ಟು, ಅದಕ್ಕೆ ಸಮಾನವಾದುದೆಂದು 'ನಿಹೊನ್ ಶೊಕಿ'ಯ ಯತಗರಸುವನ್ನು ಹೇಳಿರುವನು. ಎರಡು ಪಕ್ಷಿಗಳನ್ನು ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿದ ಸ್ಪಷ್ಟವಾದ ಪ್ರಾಚೀನ ಆಧಾರವು ಇದೇ.

ಕೋಶಕಾರನ ದೃಷ್ಟಿಯಲ್ಲಿ ಇದು ದೋಷವಲ್ಲ. ಚೀನಾದ ವಿದ್ಯೆಯಲ್ಲಿ ಪೂಜ್ಯವಾದ ಕಾಗೆಯೊಂದುಂಟು, ನಮ್ಮ ಪುರಾಣದಲ್ಲಿಯೂ ಪೂಜ್ಯವಾದ ಕಾಗೆಯೊಂದುಂಟು. ಆದ್ದರಿಂದ ಇದಕ್ಕೆ ಅದು ಎಂದು ಬರೆದನು. ಆದರೆ ಕೋಶದ ಒಂದು ಪಂಕ್ತಿಯಲ್ಲಿ ಸೇರಿದ ಪದಗಳನ್ನು ಏಕವಸ್ತುವಾಚಕಗಳೆಂದು ಮುಂದಿನವರು ಕಣ್ಮುಚ್ಚಿ ಹಿಡಿಯುವರು. ನಮ್ಮಲ್ಲಿಯೂ ಮೊದಲು ಭಿನ್ನವಾಗಿದ್ದ ಎಷ್ಟೋ ವೈದಿಕದೇವತೆಗಳ ಹೆಸರುಗಳು ಕೋಶಗಳಲ್ಲಿ ಪರ್ಯಾಯಪದಗಳಾಗಿ ನಿಂತ ಮೇಲೆ ಅವುಗಳ ಭೇದವು ಸಾಮಾನ್ಯರಿಗೆ ಮರೆತುಹೋಯಿತಷ್ಟೆ.

ಆ ಎರಡು ಶತಮಾನಗಳ ನಡುವೆ ಯತಗರಸು ಏನಾಗಿದ್ದಿತೆಂಬುದಕ್ಕೆ ಬೇರೆ ದಾಖಲೆಗಳಿರುವುವು. ೭೦೫ರಲ್ಲಿ ಯಮಾತೊ ದೇಶದ ಉದಾ ಪ್ರಾಂತದಲ್ಲಿ ಯತಗರಸುವಿಗೆ ದೇವಾಲಯವನ್ನು ಸ್ಥಾಪಿಸಿ ಪೂಜಿಸಿದರೆಂದು 'ಶೊಕು ನಿಹೊಂಗಿ'ಯು ತಿಳಿಸುವುದು. ಇದು 'ಕೊಜಿಕಿ'ಗಿಂತಲೂ ಏಳು ವರ್ಷ ಹಿಂದಿನ ಸಂಗತಿ. ೮೦೭ರ 'ಕೊಗೊ ಶೂಯಿ'ಯು ಯತಗರಸುವನ್ನು ಕಾಮೊ ವಂಶದ ಮೂಲಪುರುಷನೆಂದು ಹೇಳುವುದು. ೮೧೫ರ 'ಶಿನ್‌ಸೆನ್ ಶೋಜಿರೊಕು' ಎಂಬ ವಂಶಾವಳಿಯು ಇನ್ನೂ ಸ್ಪಷ್ಟವಾಗಿ, ಕಾಮೊ ತಕೆತ್ಸುನುಮಿ ಎಂಬ ದೇವನು ದೊಡ್ಡ ಕಾಗೆಯ ರೂಪವನ್ನು ತಾಳಿ ಜಿಮ್ಮುವಿಗೆ ದಾರಿಯನ್ನು ತೋರಿಸಿದನೆಂದು ಬರೆಯುವುದು. ಈ ದೇವನು ಕ್ಯೋತೋ ನಗರದ ಶಿಮೊಗಾಮೊ ದೇವಾಲಯದಲ್ಲಿ ಇಂದಿಗೂ ಪೂಜೆಗೊಳ್ಳುತ್ತಿರುವನು. ಈ ಸಾಕ್ಷ್ಯಗಳಲ್ಲೆಲ್ಲ ಕಾಗೆಯು ಒಂದು ಕುಲದ ಪೂರ್ವಜನು, ರಾಜನಿಗೆ ಉಪಕಾರಮಾಡಿದವನು, ಪ್ರತಿಫಲವನ್ನು ಪಡೆದವನು. ಸೂರ್ಯಬಿಂಬದ ಪ್ರಸ್ತಾಪವೂ ಇಲ್ಲ, ಮೂರನೆಯ ಕಾಲಿನ ಅವಶ್ಯಕತೆಯೂ ಇಲ್ಲ. 'ನಿಹೊನ್ ಶೊಕಿ'ಯು ಕಾಗೆಗೆ ಸಂತಾನವುಂಟೆಂದು ಹೇಳಿದುದರ ಸ್ವಾರಸ್ಯವೂ ಇದರಿಂದಲೇ ತಿಳಿಯುವುದು.

ಇಲ್ಲಿ ಇನ್ನೊಂದು ಸಾಂಕರ್ಯವನ್ನೂ ನಿವಾರಿಸಬೇಕು. ಜಿಮ್ಮುವಿನ ಬಿಲ್ಲಿನ ತುದಿಯಲ್ಲಿ ಕುಳಿತು ಮಿಂಚಿನಂತೆ ಹೊಳೆದು ಶತ್ರುಗಳ ಕಣ್ಣುಗಳನ್ನು ಕೋರೈಸಿದ ಸುವರ್ಣವರ್ಣದ ಹದ್ದನ್ನು ಕೆಲವರು ಯತಗರಸುವೆಂದೇ ಎಣಿಸುವರು. ಆ ಪ್ರಸಂಗವು 'ನಿಹೊನ್ ಶೊಕಿ'ಯಲ್ಲಿ ಮಾತ್ರವಿರುವುದು, 'ಕೊಜಿಕಿ'ಯಲ್ಲಿ ಇಲ್ಲ. ಕಾಗೆಯು ಮಾರ್ಗದರ್ಶಿ, ಹದ್ದು ಜಯಪ್ರದ. ಎರಡರ ಸ್ಥಾನವೂ ಕಾರ್ಯವೂ ಬೇರೆ. ೧೮೯೦ರಲ್ಲಿ ಸೈನಿಕಪರಾಕ್ರಮಕ್ಕಾಗಿ ಸ್ಥಾಪಿತವಾಗಿ ೧೯೪೭ರಲ್ಲಿ ರದ್ದಾದ ರಾಜಪದಕವು ಹದ್ದಿನ ಹೆಸರಿನದು, ಕಾಗೆಯದಲ್ಲ.

(೭)

ಈಗ ನನ್ನದೇ ಆದ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ವಿದ್ವತ್ಸಭೆಯೊಂದರಲ್ಲಿ ಮಾತನಾಡುತ್ತ, ಯತಗರಸು ನಮ್ಮ ವೇದದ ಸುಪರ್ಣನೇ ಎಂದು ನಾನು ಸಾಧಿಸಿದ್ದೆನು. ಸೂರ್ಯನು ಸುಪರ್ಣನು, ಸೂರ್ಯಾತ್ಮಕನಾದ ವಿಷ್ಣುವಿಗೆ ಮೂರು ಹೆಜ್ಜೆಗಳು, ಅವು ಉದಯ, ಮಧ್ಯಾಹ್ನ, ಅಸ್ತಮಯಗಳು, ಗರುಡನು ಆ ವಿಷ್ಣುವಿನ ವಾಹನವು, ಆದ್ದರಿಂದ ಮೂರು ಕಾಲಿನ ಸೌರಪಕ್ಷಿಯು ಭಾರತದಿಂದ ಬೌದ್ಧರ ಮೂಲಕ ಪೂರ್ವಸಮುದ್ರವನ್ನು ದಾಟಿತು ಎಂಬುದು ಆಗಿನ ನನ್ನ ವಾದಸರಣಿ. ಸಭಿಕರು ಸಂತೋಷಪಟ್ಟರು, ನಾನೂ ಸಂತೋಷಪಟ್ಟೆನು. ಮೂಲಕಥೆಯಲ್ಲಿ ಮೂರನೆಯ ಕಾಲೇ ಇಲ್ಲವೆಂದು ತಿಳಿದ ದಿನ ಆ ಸೌಧವೆಲ್ಲವೂ ಕುಸಿದುಬಿದ್ದಿತು. ಏಕೆಂದರೆ ಅದು ನಿಂತಿದ್ದುದು ಆ ಒಂದು ಕಾಲಿನ ಮೇಲೆಯೇ. ಆ ಸಭೆಯಲ್ಲಿದ್ದವರಲ್ಲಿ ಕೆಲವರು ಈ ಪತ್ರಿಕೆಯ ವಾಚಕರಾಗಿರಬಹುದು. ಅವರು ನನ್ನ ಹಿಂದಿನ ಮಾತನ್ನು ಪ್ರಮಾಣವಾಗಿ ಇಟ್ಟುಕೊಳ್ಳಬಾರದೆಂದು ಬೇಡುತ್ತೇನೆ.

ಹೀಗೆಂದರೆ ಗರುಡನು ಜಪಾನಿಗೆ ಹೋಗಲೇ ಇಲ್ಲವೆಂದು ಅರ್ಥವಲ್ಲ. ನಿಸ್ಸಂದೇಹವಾಗಿ ಹೋಗಿರುವನು, ತನ್ನ ಹೆಸರಿನಿಂದಲೇ ಹೋಗಿರುವನು. ಬುದ್ಧನ ಪರಿವಾರದ ಅಷ್ಟಗಣಗಳಲ್ಲಿ ಸೇರಿದ ಗರುಡನಿಗೆ ಅಲ್ಲಿ 'ಕರುರ' ಎಂದು ಹೆಸರು. ನಾರಾ ನಗರದ ಕೋಫುಕುಜಿ ವಿಹಾರದಲ್ಲಿ ೭೩೪ರಲ್ಲಿ ನಿರ್ಮಿತವಾದ, ಪಕ್ಷಿಯ ತಲೆಯುಳ್ಳ ಕರುರನ ಪ್ರತಿಮೆಯು ಇಂದಿಗೂ ಇರುವುದು. ೭೫೨ರಲ್ಲಿ ತೋದಾಯಿಜಿಯ ಮಹಾಬುದ್ಧನ ನೇತ್ರೋನ್ಮೀಲನವನ್ನು ನಡೆಸಿದವನು ೭೩೬ರಲ್ಲಿ ಆ ದೇಶಕ್ಕೆ ಬಂದಿದ್ದ ಬೋಧಿಸೇನನೆಂಬ ಭಾರತೀಯ ಭಿಕ್ಷುವು. ಗಿಗಾಕು ಎಂಬ ನೃತ್ಯದ ಕರುರನ ಮುಖವಾಡಗಳು ಅಲ್ಲಿಯ ಶೋಸೋಯಿನ್ ಭಂಡಾರದಲ್ಲಿ ರಕ್ಷಿತವಾಗಿವೆ. ಇಂತಹ ಪ್ರತ್ಯಕ್ಷವಾದ ಸಂಬಂಧವಿರುವಲ್ಲಿ ನಾವು ಹೆಮ್ಮೆಪಡಬಹುದು. ಆದರೆ ಕರುರನ ಲಕ್ಷಣಗಳು ಬೇರೆ: ಆತನು ಸರ್ಪಶತ್ರುವು, ಬೌದ್ಧಧರ್ಮದ ರಕ್ಷಕನು. ಯತಗರಸುವು ಸರ್ಪಗಳನ್ನು ಕೊಲ್ಲಲಿಲ್ಲ, ಯಾವ ದೇವನನ್ನೂ ಹೊರಲಿಲ್ಲ. ಒಂದೇ ಶತಮಾನದಲ್ಲಿ, ಒಂದೇ ದೇಶದಲ್ಲಿ ಇಬ್ಬರೂ ಬೇರೆ ಬೇರೆ ಹೆಸರುಗಳಿಂದ ಬೇರೆ ಬೇರೆ ಸ್ಥಾನಗಳಲ್ಲಿ ಪೂಜೆಗೊಂಡಿರುವಾಗ ಒಬ್ಬನೆಂದು ಹೇಳುವುದು ಹೇಗೆ?

ನಮ್ಮ ದೇಶದ ಕಾಗೆಯೊಡನೆ ಯತಗರಸುವಿಗಿರುವ ಸಾಮ್ಯವು ಬೇರೊಂದು ಬಗೆಯದು. ಎಲೆಯ ತಟ್ಟೆಗಳಲ್ಲಿ ಕಾಗೆಗೆ ಅನ್ನವನ್ನಿಕ್ಕಿದ ಶಿಕಿ ವಂಶದ ತಮ್ಮನ ಕಥೆಯನ್ನು ಓದುವಾಗ, ಶ್ರಾದ್ಧದ ದಿನ ಎಲೆಯ ಮೇಲೆ ಪಿಂಡವನ್ನಿಟ್ಟು ಕಾಗೆಯ ಬರವನ್ನು ಕಾದುನಿಲ್ಲುವ ನಮ್ಮ ಮನೆಗಳ ಚಿತ್ರವು ಕಣ್ಣಿಗೆ ಕಟ್ಟುವುದು. ಬಲಿಪುಷ್ಟ, ಬಲಿಭುಕ್ ಎಂದು ಅಮರನು ಕಾಗೆಗೆ ಹೆಸರುಗಳನ್ನು ಹೇಳಿರುವನು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಕಾಗೆಯ ಕೂಗಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿರುವನು. ಜಪಾನಿನ ಇತ್ಸುಕುಶಿಮಾ ದೇವಾಲಯದವರೂ ಸಮುದ್ರದ ಮೇಲೆ ಹಿಟ್ಟಿನ ಉಂಡೆಗಳನ್ನಿಟ್ಟು ಕಾಗೆಗಳು ಬಂದು ತೆಗೆದುಕೊಳ್ಳುವುದನ್ನು ದೇವರ ಅಂಗೀಕಾರವೆಂದು ತಿಳಿಯುವರು. ಇದು ಒಬ್ಬರಿಂದೊಬ್ಬರು ಕಲಿತುದೆಂದು ಹೇಳಲು ಆಧಾರವಿಲ್ಲ. ಮನುಷ್ಯನ ಮನೆಯ ಬಳಿಯಲ್ಲಿಯೇ ವಾಸಿಸಿ, ಅವನ ಅನ್ನವನ್ನು ತಿಂದು, ಅವನಿಗೆ ಎಂದಿಗೂ ವಶವಾಗದ ಪಕ್ಷಿಯನ್ನು ಕಂಡು ಎರಡು ಜನಾಂಗಗಳು ಒಂದೇ ವಿಧವಾಗಿ ಭಾವಿಸಿದರೆ, ಅದಕ್ಕೆ ಕಾಗೆಯ ಸ್ವಭಾವವೇ ಸಾಕಾದ ಕಾರಣವಾಗಿದೆ.

(೮)

ಕೊನೆಯದಾಗಿ, ಮೂರು ಕಾಲಿನ ಯತಗರಸುವನ್ನು ಸುಳ್ಳೆಂದು ತಳ್ಳಿಹಾಕುವುದು ನನ್ನ ಅಭಿಪ್ರಾಯವಲ್ಲವೆಂಬುದನ್ನು ಸ್ಪಷ್ಟಪಡಿಸಬೇಕು. ಕುಮಾನೊ ಕ್ಷೇತ್ರದಲ್ಲಿ ಹೊಂಗೂ, ಹಯತಾಮಾ, ನಾಚಿ ಎಂಬ ಮೂರು ಮಹಾದೇವಾಲಯಗಳಿರುವುವು. ೧೩೩ ಮೀಟರ್ ಎತ್ತರದಿಂದ ಧುಮುಕುವ ನಾಚಿಯ ಜಲಪಾತವೇ ಅಲ್ಲಿ ದೇವತೆಯಾಗಿ ಪೂಜ್ಯವಾಗಿದೆ. ಅಲ್ಲಿಯ ಗೊಓ ಎಂಬ ರಕ್ಷಾಪತ್ರದಲ್ಲಿ ಅಕ್ಷರಗಳನ್ನೇ ಕಾಗೆಗಳ ಆಕಾರದಿಂದ ರಚಿಸಿರುವರು. ಮಧ್ಯಯುಗದ ಯೋಧರು ಆ ಪತ್ರದ ಹಿಂಭಾಗದಲ್ಲಿ ಪ್ರತಿಜ್ಞೆಗಳನ್ನು ಬರೆದುಕೊಡುತ್ತಿದ್ದರು. ಪ್ರತಿಜ್ಞೆಯನ್ನು ಮುರಿದರೆ ಕುಮಾನೊದ ಕಾಗೆಗಳು ಸಾಯುವುವೆಂದೂ, ಮುರಿದವನು ರಕ್ತವನ್ನು ಕಾರಿ ನರಕಕ್ಕೆ ಹೋಗುವನೆಂದೂ ಜನರು ನಂಬಿದ್ದರು. ಅಷ್ಟು ಜನರ ಸತ್ಯವಾಕ್ಯಕ್ಕೆ ಸಾಕ್ಷಿಯಾಗಿ ನಿಂತ ಪಕ್ಷಿಯನ್ನು ಕಲ್ಪಿತವೆಂದು ತಿರಸ್ಕರಿಸುವುದು ವಿಮರ್ಶೆಯಾಗಲಾರದು. ಮೂರು ಕಾಲುಗಳೆಂದರೆ ಆಕಾಶ, ಭೂಮಿ, ಮನುಷ್ಯರೆಂದು ಕೆಲವರೂ, ಕುಮಾನೊದ ಮೂರು ವಂಶಗಳೆಂದು ಕೆಲವರೂ ವಿವರಿಸುತ್ತಾರೆ. ಒಂದೇ ಅಂಗಕ್ಕೆ ಎರಡು ವಿವರಣೆಗಳಿರುವುದರಿಂದಲೇ ಅಂಗವು ಮೊದಲು ಬಂದು ಅರ್ಥಗಳು ಆಮೇಲೆ ಹುಟ್ಟಿದುವೆಂದು ಊಹಿಸಬಹುದು. ಅವು ಅರ್ಥವಾದಗಳು, ಭಕ್ತರಿಗೆ ಉಪಾದೇಯಗಳು, ಆದರೆ ಮೂಲಕಥೆಗೆ ಸಾಕ್ಷಿಗಳಲ್ಲ.

ಆದುದರಿಂದ ಯತಗರಸುವಿನ ಚರಿತ್ರೆಯಲ್ಲಿ ಮೂರು ಸ್ತರಗಳನ್ನು ಅಂಗೀಕರಿಸಬೇಕೆಂದು ತೋರುತ್ತದೆ. ಮೊದಲನೆಯದು, ಉದಾ ಮತ್ತು ಕಾಮೊಗಳಲ್ಲಿ ಪೂಜಿತವಾದ, ರಾಜನಿಗೆ ದಾರಿ ತೋರಿಸಿದ ಕುಲದೇವತಾರೂಪಿಯಾದ ಮಹಾಕಾಕ. ಇದು ೮ನೆಯ ಮತ್ತು ೯ನೆಯ ಶತಮಾನಗಳ ದಾಖಲೆಗಳಿಂದ ಸಿದ್ಧವಾಗಿದೆ. ಎರಡನೆಯದು, ೧೦ನೆಯ ಶತಮಾನದ ಕೋಶಕಾರನು ಚೀನಾದ ಸೂರ್ಯಕಾಕದೊಡನೆ ಐಕ್ಯಗೊಳಿಸಿದ ಪಕ್ಷಿ. ಮೂರನೆಯದು, ಆ ಐಕ್ಯದಿಂದ ಮೂರನೆಯ ಕಾಲನ್ನು ಪಡೆದು, ಕುಮಾನೊದ ಭಕ್ತಿಯಲ್ಲಿ ಬೆಳೆದು, ಇಂದು ಆಟಗಾರರ ಎದೆಯ ಮೇಲೆ ಕುಳಿತಿರುವ ಪಕ್ಷಿ. ಪ್ರತಿಯೊಂದು ಸ್ತರವೂ ತನ್ನ ಕಾಲದಲ್ಲಿ ಸತ್ಯವಾದುದೇ. ಮೂರನೆಯ ಸ್ತರದ ಕಣ್ಣಿನಿಂದ ಮೊದಲನೆಯ ಗ್ರಂಥವನ್ನು ಓದಿದಾಗ ಮಾತ್ರ ಅಸತ್ಯವು ಹುಟ್ಟುವುದು.

ಈ ಮಾತು ಜಪಾನಿನ ಕಾಗೆಗೆ ಮಾತ್ರ ಸಂಬಂಧಿಸಿದುದಲ್ಲ. ನಾವು ನಮ್ಮ ಕಾವ್ಯಪುರಾಣಗಳನ್ನು ಓದುವಾಗಲೂ ವ್ಯಾಖ್ಯಾನದಲ್ಲಿರುವುದನ್ನು ಮೂಲದಲ್ಲಿ ಕಂಡೆವೆಂದು ಎಷ್ಟು ಸಲ ಭ್ರಮಿಸಿರುವೆವು! ಮೂಲದಲ್ಲಿ ಏನಿದೆಯೆಂದು ಮೊದಲು ನೋಡಿ, ಆಮೇಲೆ ಯಾರು ಏನನ್ನು ಸೇರಿಸಿದರೆಂದು ವಿಚಾರಿಸುವ ಅಭ್ಯಾಸವು ನಮ್ಮಲ್ಲಿ ಬೆಳೆದರೆ, ಕಾಗೆಯ ಕಾಲುಗಳನ್ನು ಎಣಿಸಿದ ಈ ಶ್ರಮವು ಕಾಕದಂತಪರೀಕ್ಷೆಯಾಗಲಿಲ್ಲವೆಂದು ತಿಳಿಯುವೆನು. ಇದರಲ್ಲಿ ದೋಷಗಳಿದ್ದರೆ ಜಪಾನೀ ಮೂಲವನ್ನು ನೇರವಾಗಿ ಓದಬಲ್ಲ ವಿದ್ವಾಂಸರು ತೋರಿಸಿಕೊಡಬೇಕೆಂದು ಪ್ರಾರ್ಥಿಸುತ್ತೇನೆ.